ಬಿಸಿಲು, ಗಾಳಿ, ಸೆಗಣಿ: ಇವುಗಳಿಂದ ಕರೆಂಟಿನ ಕೊರತೆ ನೀಗುತ್ತದೆಯೇ?



ಸಂಜೆ ಹಾಲು ಕರೆದು, ಕ್ಯಾನು ಹಿಡಿದು ಸಂಘದ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುವುದು ನಿಮಗೆ ಯಾರಿಗೂ ಹೊಸದಲ್ಲ. ಸಾಲಿನಲ್ಲಿ ನಿಂತಾಗ ಒಂದು ಮಾತು ಬಂದೇ ಬರುತ್ತದೆ: "ಗದಗ, ಚಿತ್ರದುರ್ಗದ ಕಡೆ ಗುಡ್ಡದ ತುಂಬ ಗಾಳಿಯಂತ್ರ ತಿರುಗುತ್ತವೆ, ಪಾವಗಡದಲ್ಲಿ ಸಾವಿರಾರು ಎಕರೆ ಸೋಲಾರ್ ಹಾಕ್ಯಾರೆ, ಆದ್ರೂ ನಮಗ್ಯಾಕೆ ಕರೆಂಟ್ ಇಲ್ಲ?" ಪ್ರಶ್ನೆ ನ್ಯಾಯವಾದದ್ದು. ಉತ್ತರ ಬಿಡಿಸಿ ಹೇಳಬೇಕಾದದ್ದು.

ಮೊದಲು ಇದು ನಿಮ್ಮ ಬಟವಾಡೆಗೆ ಹೇಗೆ ತಾಕುತ್ತದೆ ನೋಡೋಣ. ಕೆಚ್ಚಲಿನಿಂದ ಬಂದ ಹಾಲು 37 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣು ಅರ್ಧ ತಾಸಿಗೆ ಒಮ್ಮೆ ಇಮ್ಮಡಿಯಾಗುತ್ತಾ ಹೋಗಬಲ್ಲವು. ಅದಕ್ಕೇ ಬಿ.ಎಂ.ಸಿ. ಟ್ಯಾಂಕಿನಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವುದು. ಸಾವಿರ ಲೀಟರ್ ಹಾಲು ತಂಪಾಗಲು ಅಂದಾಜು 15ರಿಂದ 20 ಯೂನಿಟ್ ಕರೆಂಟ್ ಬೇಕು. ಕರೆಂಟ್ ಇಲ್ಲದಾಗ ಜನರೇಟರ್ ಹಚ್ಚಬೇಕು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸಿಗುವುದು 3 ಯೂನಿಟ್, ಹೆಚ್ಚೆಂದರೆ ಮೂರೂವರೆ. ಅಂದರೆ ಆ ಒಂದು ಯೂನಿಟ್‌ಗೆ 25ರಿಂದ 30 ರೂಪಾಯಿ ಬೀಳುತ್ತದೆ. ಈ ಡೀಸೆಲ್ ಖರ್ಚು ಸಂಘದ ಲಾಭದಿಂದಲೇ ಹೋಗುತ್ತದೆ, ವರ್ಷದ ಕೊನೆಗೆ ನಿಮಗೆ ಬರಬೇಕಾದ ಬೋನಸ್ಸಿನಲ್ಲಿ ಕಡಿತವಾಗುತ್ತದೆ.

ಈಗ ಕರೆಂಟ್ ಎಲ್ಲಿಂದ ಬರುತ್ತದೆ ಎಂಬ ಮಾತು. ನಮ್ಮ ಸುತ್ತಲೇ ಎರಡು ಬಗೆ ಇವೆ. ಕುಡತಿನಿಯ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುತ್ತಾರೆ. ಮೂರು ಘಟಕ ಸೇರಿ 1,700 ಮೆಗಾವ್ಯಾಟ್ ಶಕ್ತಿಯದು. ತುಂಗಭದ್ರಾ ಅಣೆಕಟ್ಟಿನ ಬಳಿ, ಹಂಪಿಯಲ್ಲಿ, ಮುನಿರಾಬಾದಿನಲ್ಲಿ ನೀರಿನಿಂದ ತೆಗೆಯುತ್ತಾರೆ. ಇದರ ಜೊತೆಗೆ ಈಗ ಬಿಸಿಲು, ಗಾಳಿ ಸೇರಿವೆ. ನೀರು, ಬಿಸಿಲು, ಗಾಳಿ, ಸೆಗಣಿ ಇವೆಲ್ಲ ಬಳಸಿದಷ್ಟೂ ಮತ್ತೆ ಸಿಗುವಂಥವು. ಇವನ್ನೇ ನವೀಕರಿಸಬಹುದಾದ ಇಂಧನ ಎನ್ನುವುದು. ಕರ್ನಾಟಕದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವುಗಳದ್ದೇ. ದೇಶದಲ್ಲಿ ಈ ವಿಷಯದಲ್ಲಿ ಮುಂದಿರುವ ರಾಜ್ಯಗಳಲ್ಲಿ ನಮ್ಮದೂ ಒಂದು.

ಹಾಗಿದ್ದೂ 2023ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಮಳೆ ಕೈಕೊಟ್ಟಿತು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಜಲಾಶಯಗಳಲ್ಲಿ ನೀರು ಕಡಿಮೆ, ಹಾಗಾಗಿ ನೀರಿನ ಕರೆಂಟ್ ಕಡಿಮೆ. ಅದೇ ಹೊತ್ತಿಗೆ, ಮಳೆ ಇಲ್ಲವಲ್ಲ ಎಂದು ರೈತರೆಲ್ಲ ಬೋರಿನ ಮೋಟಾರು ಹಚ್ಚಿದರು. ರಾಜ್ಯದಲ್ಲಿ ಇಂಥ ಪಂಪ್‌ಸೆಟ್ 30 ಲಕ್ಷಕ್ಕೂ ಹೆಚ್ಚಿವೆ. ಒಂದು ಕಡೆ ಕರೆಂಟ್ ಇಳಿಯಿತು, ಇನ್ನೊಂದು ಕಡೆ ಬೇಡಿಕೆ ಏರಿತು. ಅಕ್ಟೋಬರಿನಲ್ಲಿ ಪಂಪ್‌ಸೆಟ್‌ಗೆ ಕೊಡುತ್ತಿದ್ದ 7 ತಾಸಿನ ತ್ರೀ ಫೇಸನ್ನು 5 ತಾಸಿಗೆ ಇಳಿಸಿದರು, ರೈತರು ಬೀದಿಗಿಳಿದ ಮೇಲೆ ನವೆಂಬರಿನಲ್ಲಿ ಮತ್ತೆ 7 ತಾಸು ಕೊಡುವುದಾಗಿ ಹೇಳಿದರು. ಆಗ ಹಸಿ ಮೇವು ಒಣಗಿ ಹಾಲು ಇಳಿದದ್ದು ನಿಮ್ಮಲ್ಲಿ ಎಷ್ಟೋ ಮಂದಿಗೆ ಇನ್ನೂ ನೆನಪಿರಬೇಕು.

ಇದು ನಮ್ಮೊಬ್ಬರ ಪಾಡಲ್ಲ. ಆಫ್ರಿಕಾದ ಜಾಂಬಿಯಾ ದೇಶ ಹೆಚ್ಚೂಕಡಿಮೆ ಪೂರ್ತಿ ನೀರಿನ ಕರೆಂಟನ್ನೇ ನಂಬಿತ್ತು. 2024ರ ಬರದಲ್ಲಿ ಅಲ್ಲಿನ ಕರಿಬಾ ಜಲಾಶಯ ತಳ ಕಂಡಿತು, ಜನರಿಗೆ ದಿನಕ್ಕೆ ಕೆಲವೇ ತಾಸು ಕರೆಂಟ್ ಸಿಗುವ ಹಾಗಾಯಿತು. ಹಾಗಾದರೆ ಕಲ್ಲಿದ್ದಲೇ ವಾಸಿ ಎನ್ನುವಂತಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕಲ್ಲಿದ್ದಲಿಗೆ ಬರವಿಲ್ಲ, ಆದರೆ ಹಳೆಯ ಸ್ಥಾವರಗಳು ಪದೇ ಪದೇ ಕೆಟ್ಟು 2023ರಲ್ಲಿ ವರ್ಷದ ಬಹುತೇಕ ದಿನ ಸರದಿ ಪ್ರಕಾರ ಕರೆಂಟ್ ತೆಗೆದರು. ಒಂದನ್ನೇ ನೆಚ್ಚಿಕೊಂಡವರು ಎಡವಿದರು, ಅಷ್ಟೇ.

ಪಾವಗಡಕ್ಕೆ ಬರೋಣ. ತುಮಕೂರು ಜಿಲ್ಲೆಯ ಈ ಬರದ ಸೀಮೆಯಲ್ಲಿ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಶುರುವಾಯಿತು. ರೈತರ ಜಮೀನನ್ನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ನೋಡಿ ಕಡಲೆಕಾಯಿ ಬಿತ್ತುತ್ತಿದ್ದವರಿಗೆ ಇದು ಖಾತ್ರಿ ಆದಾಯ. ಆದರೆ ಒಂದು ಮಾತು ಹೇಳಲೇಬೇಕು: ಪಟ್ಟಾ ಇದ್ದವರಿಗೆ ಮಾತ್ರ ಗುತ್ತಿಗೆ ಹಣ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸರಿಗೆ, ಕುರಿ ದನ ಮೇಯಿಸುತ್ತಿದ್ದವರಿಗೆ ಹೋದದ್ದು ಹೋಯಿತು. ನಾಳೆ ನಮ್ಮ ಕಡೆಯೂ ಇಂಥದ್ದು ಬಂದರೆ ಮೊದಲು ಕೇಳಬೇಕಾದದ್ದು ಹುಲ್ಲುಗಾವಲಿನ ಮಾತು.

ಪಾವಗಡದಂಥ ಪಾರ್ಕ್ ಮಧ್ಯಾಹ್ನ ಹನ್ನೆರಡಕ್ಕೆ ಕುಡತಿನಿಯ ಸ್ಥಾವರವನ್ನೂ ಮೀರಿಸುವಷ್ಟು ಕರೆಂಟ್ ಕೊಡಬಲ್ಲದು. ಅದೇ ಪಾರ್ಕ್ ಸಂಜೆ ಆರೂವರೆಗೆ ಸೊನ್ನೆ. ನಿಮ್ಮ ಹಾಲು ಬರುವುದು, ಎಲ್ಲರ ಮನೆಯ ದೀಪ, ಟಿ.ವಿ. ಹತ್ತುವುದು ಆ ಆರೂವರೆಗೇ. ಗಾಳಿಯ ಕಥೆ ಬೇರೆ: ಅದು ರಾತ್ರಿಯೂ ಬೀಸುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು, ಚಳಿಗಾಲದಲ್ಲಿ ಮಂದ. ಆದ್ದರಿಂದ ನಮಗಿರುವ ಕೊರತೆ ಕರೆಂಟಿನದ್ದು ಎನ್ನುವುದಕ್ಕಿಂತ ಹೊತ್ತಿನದ್ದು ಎನ್ನುವುದು ಸರಿ.

ಹಾಲಿನ ಲೆಕ್ಕದಲ್ಲಿ ಹೇಳಿದರೆ ನಿಮಗೆ ತಕ್ಷಣ ತಿಳಿಯುತ್ತದೆ. ಮಳೆ ಬಿದ್ದು ಹಸಿ ಮೇವು ಹೆಚ್ಚಿದಾಗ ಹಾಲೂ ಹೆಚ್ಚುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಹೆಚ್ಚಾದಾಗ ಪುಡಿ, ಬೆಣ್ಣೆ ಮಾಡಿ ತೆಗೆದಿಡುತ್ತಾರೆ. ಹಾಗೆ ಇಡಲು ಬಾರದಿದ್ದರೆ ಡೇರಿಯ ವ್ಯವಹಾರವೇ ನಡೆಯುತ್ತಿರಲಿಲ್ಲ. ಬಿಸಿಲಿನ ಕರೆಂಟಿಗೆ ಈಗ ಬೇಕಾಗಿರುವುದು ಅದರ ಪುಡಿ ಘಟಕ.

ಸರ್ಕಾರಗಳು ಎರಡು ದಾರಿ ಹಿಡಿದಿವೆ. ಒಂದು ದೊಡ್ಡ ಬ್ಯಾಟರಿ. ಇನ್ನೊಂದು, ಹಗಲು ಉಳಿದ ಕರೆಂಟಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ನಾಲ್ಕು ಯೂನಿಟ್ ಹಾಕಿದರೆ ಮೂರು ಮರಳಿ ಬರುತ್ತದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಇಂಥ ಯೋಜನೆ ಹಾಕಿಕೊಂಡಿದ್ದಾರೆ. ಸಿಂಗಳೀಕಗಳಿರುವ ಕಾಡು ಹೋಗುತ್ತದೆ ಎಂದು ಅಲ್ಲಿ ವಿರೋಧವೂ ಇದೆ. ಈ ದೊಡ್ಡ ಕೆಲಸಗಳು ನಮ್ಮ ಕೈಯಲ್ಲಿಲ್ಲ, ಅವುಗಳ ಫಲ ಬರಲು ವರ್ಷಗಳೇ ಬೇಕು.

ನಮ್ಮ ಕೈಯಲ್ಲಿರುವುದು ಬಿಸಿಲಿದ್ದಾಗ ಆಗುವ ಕೆಲಸವನ್ನು ಬಿಸಿಲಿದ್ದಾಗಲೇ ಮುಗಿಸುವುದು. ನೀರು ಎತ್ತುವುದು ಅಂಥ ಕೆಲಸ. ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್‌ಗಳ ಫೀಡರಿಗೇ ಸೋಲಾರ್ ಜೋಡಿಸಿ ಹಗಲು ತ್ರೀ ಫೇಸ್ ಕೊಡುವ ಕೆಲಸ ನಡೆದಿದೆ. ನೀರಿಗೆ ಸಂಜೆಯೇ ಆಗಬೇಕೆಂದಿಲ್ಲ, ಹಗಲು ಎತ್ತಿ ತೊಟ್ಟಿಯಲ್ಲಿಟ್ಟರೆ ಅದೇ ಬ್ಯಾಟರಿ. ನೇಪಿಯರ್, ಜೋಳದ ಮೇವಿಗೆ ನೀರು ಕಟ್ಟಲು ರಾತ್ರಿ ಬ್ಯಾಟರಿ ಹಿಡಿದು ಹಾವಿಗೆ ಹೆದರುತ್ತಾ ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಮೇವು ಕತ್ತರಿಸುವ ಯಂತ್ರವನ್ನೂ ಸಂಜೆಯ ಬದಲು ಹಗಲೇ ಓಡಿಸಿದರೆ ಒಳ್ಳೆಯದು.

ಹಾಲಿನ ವಿಷಯದಲ್ಲೂ ಒಂದು ಹಳೆಯ ಉಪಾಯವಿದೆ. ದೊಡ್ಡ ಡೇರಿಗಳಲ್ಲಿ ಐಸ್ ಬ್ಯಾಂಕ್ ಎಂಬ ವ್ಯವಸ್ಥೆ ಇರುತ್ತದೆ: ಹಗಲೆಲ್ಲ ಮಂಜುಗಡ್ಡೆ ಕಟ್ಟಿಸಿ, ಹಾಲು ಬಂದಾಗ ಆ ತಣ್ಣೀರನ್ನು ಹರಿಸಿ ತಂಪು ಮಾಡುವುದು. ಸಾವಿರ ಲೀಟರ್ ಹಾಲಿಗೆ 400 ಕೆ.ಜಿ. ಹತ್ತಿರ ಮಂಜುಗಡ್ಡೆ ಸಾಕು. ಅದನ್ನು ಕಟ್ಟಿಸಲು 20ರಿಂದ 25 ಯೂನಿಟ್. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಅದಕ್ಕೆ ಚಾವಣಿಯಲ್ಲಿ ನೂರು ಚದರ ಅಡಿ ಜಾಗ ಬೇಕು. ಆರು ಕಿಲೋವ್ಯಾಟ್ ಹಾಕಿದ ಸಂಘ, ಬಿಸಿಲಿದ್ದ ದಿನ, ಸಂಜೆಯ ಸಾವಿರ ಲೀಟರನ್ನು ಡೀಸೆಲ್ ಇಲ್ಲದೆ ತಂಪು ಮಾಡುವ ಲೆಕ್ಕ ಇದು. ಮೋಡದ ದಿನ ಜನರೇಟರ್ ಬೇಕೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಚಾವಣಿ ಮೇಲಿನ ಸಾಮಾನ್ಯ ಸೋಲಾರ್, ಅಂದರೆ ಜೆಸ್ಕಾಂ ಲೈನಿಗೆ ಜೋಡಿಸಿ ಮೀಟರ್ ಇಡುವಂಥದ್ದು, ಲೈನ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಮಟಮಟ ಮಧ್ಯಾಹ್ನ ಬಿಸಿಲಿದ್ದರೂ ಫ್ಯಾನು ತಿರುಗುವುದಿಲ್ಲ. ಕರೆಂಟ್ ಹೋದಾಗಲೂ ನಡೆಯಬೇಕಾದರೆ ಬ್ಯಾಟರಿ ಇರುವ ಬೇರೆ ಬಗೆಯದ್ದು ಬೇಕು, ಬೆಲೆಯೂ ಹೆಚ್ಚು. 2024ರಲ್ಲಿ ಬಂದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ, ಆದರೆ ಅದು ವಾಸದ ಮನೆಗೆ, ಸಂಘದ ಕಟ್ಟಡಕ್ಕಲ್ಲ. ಮನೆಗೆ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುತ್ತಿದ್ದರೆ ಉಳಿತಾಯವೂ ಅಷ್ಟಕ್ಕಷ್ಟೇ. ಮನೆಗಿಂತ ಸಂಘಕ್ಕೇ ಇದು ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ತಿಪ್ಪೆಯ ವಿಷಯ. ಬಿಸಿಲು, ಗಾಳಿಗೆ ಇಲ್ಲದ ಗುಣ ಸೆಗಣಿಗಿದೆ: ಅದರ ಗ್ಯಾಸನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಬೇಕಾದ ಹೊತ್ತಿಗೆ ಬಳಸಬಹುದು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇದನ್ನು ಮಾಡಿ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಾಗಿ ಕಟ್ಟಿದ್ದ 'ಅಸ್ತ್ರ' ಎಂಬ ತಂಡದ ಕೆಲಸ ಅದು. 80ಕ್ಕೂ ಹೆಚ್ಚು ಮನೆಗಳ ಊರು. ಮೊದಲು ಒಲೆಗೆ ಗ್ಯಾಸ್ ಕೊಡಲು ನೋಡಿದರು, ಊರಿನ ಸೆಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ 1987ರಿಂದ ಬೋರಿನ ನೀರು ಮತ್ತು ಮನೆ ದೀಪ ಕೊಟ್ಟರು.

ನಡೆಸಿದ ರೀತಿ ಮಾತ್ರ ನಮ್ಮ ಹಾಲಿನ ಸಂಘದಂತೆಯೇ ಇತ್ತು. ಮನೆಮನೆಯವರು ಸೆಗಣಿ ತಂದು ತೂಕ ಮಾಡಿಸಿ ಕೊಡಬೇಕು, ಕೆ.ಜಿ.ಗೆ 2 ಪೈಸೆಯಂತೆ ಹಣ, ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ವಾಪಸ್. ಹೊತ್ತು ತಂದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಆ ಶ್ರಮಕ್ಕೆ ಬೆಲೆ ಕಟ್ಟಿದ್ದರಿಂದಲೇ ಸೆಗಣಿ ನಿತ್ಯ ಬಂತು ಎಂದು ನನಗೆ ಅನ್ನಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ನೂರು ರಾಸುಗಳ ಸೆಗಣಿ ದಿನಕ್ಕೆ ಸಾವಿರ ಕೆ.ಜಿ. ಅಂದುಕೊಳ್ಳೋಣ. 25 ಕೆ.ಜಿ.ಗೆ ಒಂದು ಘನ ಮೀಟರ್ ಗ್ಯಾಸ್, ಒಟ್ಟು 40 ಘನ ಮೀಟರ್. ಎಂಜಿನ್ನಿಗೆ ಹಾಕಿದರೆ 50ರಿಂದ 60 ಯೂನಿಟ್ ಕರೆಂಟ್. ಆ ನೂರು ರಾಸುಗಳಿಂದ ದಿನಕ್ಕೆ 500 ಲೀಟರ್ ಹಾಲು ಬಂದರೆ, ಅದನ್ನು ತಂಪು ಮಾಡಲು ಬೇಕಾದದ್ದು 10 ಯೂನಿಟ್. ಹಾಲು ಕೊಡುವ ಹಸುವೇ ಅದನ್ನು ಕೆಡದಂತೆ ಕಾಯುವ ಕರೆಂಟಿನ ಐದು ಪಟ್ಟು ಕೊಡುತ್ತಿದೆ. ಎಂಜಿನ್ ನೋಡಿಕೊಳ್ಳುವವರು, ಬಿಡಿಭಾಗ, ದಿನವೂ ಸೆಗಣಿ ಕೂಡಿಸುವ ಏರ್ಪಾಡು ಇವೇ ಕಷ್ಟದವು.

ಒಂದೇ ಮನೆಯ ಮಟ್ಟಿಗಾದರೆ ಕರೆಂಟಿನ ಗೋಜಿಗೆ ಹೋಗದೆ ಒಲೆಗೆ ಹಾಕುವುದೇ ಲೇಸು. ಮೂರು ನಾಲ್ಕು ರಾಸುಗಳ 50 ಕೆ.ಜಿ. ಸೆಗಣಿಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸಾಕು. ಅಂಥದ್ದು ಹದಿನಾರು ದಿನ ನಡೆದರೆ ಒಂದು ಸಿಲಿಂಡರಿನಷ್ಟು ಗ್ಯಾಸ್ ಕೊಟ್ಟಂತೆ. ಸೆಗಣಿಯಷ್ಟೇ ನೀರೂ ಬೇಕು, ದಿನಕ್ಕೆ 50 ಲೀಟರ್. ಬೇಸಿಗೆಯಲ್ಲಿ ಕೊಡ ನೀರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕೊಟ್ಟಿಗೆ ತೊಳೆದ ನೀರು, ಗಂಜಲವನ್ನೇ ತಿರುಗಿಸಿಕೊಳ್ಳಿ, ಆದರೆ ಫಿನಾಯಿಲ್, ಸೋಪಿನ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ, ಗ್ಯಾಸ್ ಹುಟ್ಟಿಸುವ ಸೂಕ್ಷ್ಮಾಣು ಸಾಯುತ್ತವೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾದರೆ ಗಾಬರಿ ಬೇಡ.

ಮುಂದಿನ ಸಾಮಾನ್ಯ ಸಭೆಗೆ ಹೋಗುವ ಮುಂಚೆ ಕಾರ್ಯದರ್ಶಿಯವರಿಂದ ಎರಡು ಲೆಕ್ಕ ಕೇಳಿ ಪಡೆಯಿರಿ: ಕಳೆದ ವರ್ಷ ಜನರೇಟರ್ ಎಷ್ಟು ತಾಸು ಓಡಿತು, ಅದಕ್ಕೆ ಎಷ್ಟು ಲೀಟರ್ ಡೀಸೆಲ್ ಹೋಯಿತು. ಸೋಲಾರ್ ಮಾರಲು ಬಂದವರಿಗೂ ಒಂದು ಪ್ರಶ್ನೆ ಹಾಕಿ: "ಸಂಜೆ ಏಳಕ್ಕೆ ಲೈನ್ ಹೋದರೆ ಇದು ನಮ್ಮ ಹಾಲು ತಂಪು ಮಾಡುತ್ತದೋ ಇಲ್ಲವೋ?" ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.