ಇಂಗ್ಲಿಷ್ ವ್ಯವಹಾರ ಪತ್ರಗಳ ಓದು: ಸಣ್ಣ ಪದಗಳಲ್ಲಿ ಅಡಗಿರುವ ಹೊಣೆ

ಸಣ್ಣ ಕಾರ್ಖಾನೆಗಾಗಲಿ ವ್ಯಾಪಾರ ಮಳಿಗೆಗಾಗಲಿ ವಾರವೊಂದರಲ್ಲಿ ಬರುವ ಕಾಗದಪತ್ರಗಳ ಪೈಕಿ ಬಹಳಷ್ಟು ಇಂಗ್ಲಿಷಿನಲ್ಲಿಯೇ ಇರುತ್ತವೆ. ಖರೀದಿ ಆದೇಶ, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ವಿಮಾ ಪಾಲಿಸಿಯ ಷರತ್ತುಗಳು, ಜಿ.ಎಸ್.ಟಿ. ನೋಟಿಸು ಇವೆಲ್ಲ ಈ ಸಾಲಿಗೆ ಸೇರುತ್ತವೆ. ಅನೇಕ ಸಂಸ್ಥೆಗಳಲ್ಲಿ ಇವುಗಳನ್ನು ಮೊದಲು ಓದುವವರು ಲೆಕ್ಕ ಬರೆಯುವ ಗುಮಾಸ್ತರು, ಉಗ್ರಾಣದ ಮೇಲ್ವಿಚಾರಕರು ಅಥವಾ ಸರಕು ರವಾನೆ ನೋಡಿಕೊಳ್ಳುವ ಸಿಬ್ಬಂದಿ. ಪತ್ರ ಯಾವ ವಿಷಯಕ್ಕೆ ಸಂಬಂಧಿಸಿದ್ದೆಂಬುದು ಅವರಿಗೆ ಸುಲಭವಾಗಿ ತಿಳಿಯುತ್ತದೆ. ಕಠಿಣ ಪದ ಎದುರಾದರೆ ನಿಘಂಟು ನೋಡುತ್ತಾರೆ. ಆದರೆ ‘ಶಲ್’, ‘ಮೇ’, ‘ಫ್ರಮ್’, ‘ಬಿಫೋರ್’, ‘ಅನ್‌ಲೆಸ್’ ಮುಂತಾದ ಪುಟ್ಟ ಪದಗಳಿಗಾಗಿ ಯಾರೂ ನಿಘಂಟು ತೆರೆಯುವುದಿಲ್ಲ. ಹಣ ಕೊಡುವ ಹೊಣೆ, ಉತ್ತರಿಸುವ ಗಡುವು, ಮೇಲ್ಮನವಿಯ ಹಕ್ಕು ಇವೆಲ್ಲ ನಿಂತಿರುವುದು ಈ ಪದಗಳ ಮೇಲೆಯೇ. ಆದುದರಿಂದ ಕೆಲಸದ ಸ್ಥಳದ ಇಂಗ್ಲಿಷ್ ಅಭ್ಯಾಸವು ಇವುಗಳಿಂದ ಆರಂಭವಾಗುವುದು ಸೂಕ್ತ.

ಷರತ್ತು ಎಲ್ಲಿದೆ?

ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮೊದಲು ಬರುತ್ತದೆ, ಫಲ ಕೊನೆಗೆ ಬರುತ್ತದೆ. ‘ಪರೀಕ್ಷಾ ಪ್ರಮಾಣಪತ್ರ ತಲುಪಿದ್ದರೆ 30 ದಿನಗಳಲ್ಲಿ ಹಣ ಪಾವತಿಸಲಾಗುವುದು’ ಎಂಬುದು ನಮ್ಮ ವಾಕ್ಯದ ಸಹಜ ಕ್ರಮ. ಇಂಗ್ಲಿಷ್ ಖರೀದಿ ಆದೇಶದಲ್ಲಿ ಇದೇ ಮಾತು ಹಲವು ವೇಳೆ ತಿರುವುಮುರುವಾಗಿರುತ್ತದೆ: 30 ದಿನಗಳಲ್ಲಿ ಹಣ ಪಾವತಿಯೆಂಬ ಭರವಸೆ ಮೊದಲು, ‘ಪ್ರೊವೈಡೆಡ್ ದಟ್’ ಎಂದು ಆರಂಭವಾಗುವ ಷರತ್ತು ಎರಡು ಸಾಲುಗಳ ನಂತರ. ಭರವಸೆಯನ್ನು ಓದಿ ಅಲ್ಲಿಗೇ ನಿಲ್ಲಿಸಿದವರು ಪ್ರಮಾಣಪತ್ರವಿಲ್ಲದೆ ಸರಕು ಕಳುಹಿಸಿ ಹಣಕ್ಕಾಗಿ ಕಾಯಬೇಕಾಗುತ್ತದೆ. ‘ಅನ್‌ಲೆಸ್’, ‘ಎಕ್ಸೆಪ್ಟ್’, ‘ಸಬ್ಜೆಕ್ಟ್ ಟು’ ಎಂಬ ಪದಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪೂರ್ಣವಿರಾಮ ಬರುವವರೆಗೂ ವಾಕ್ಯದ ಅರ್ಥವನ್ನು ನಿರ್ಧರಿಸಬಾರದೆಂಬುದು ಇಲ್ಲಿಯ ಮೊದಲ ಪಾಠ.

ಒಂದು ಅಲ್ಪವಿರಾಮವೂ ಒಪ್ಪಂದದ ಅರ್ಥವನ್ನು ಬದಲಿಸಬಲ್ಲದೆಂಬುದಕ್ಕೆ ಕೆನಡಾದ ಒಂದು ಪ್ರಕರಣ ಸಾಕ್ಷಿ. ಕಂಬಗಳ ಬಳಕೆಗಾಗಿ ರೋಜರ್ಸ್ ಮತ್ತು ಅಲಿಯಂಟ್ ಎಂಬ ಸಂಸ್ಥೆಗಳ ನಡುವೆ ಐದು ವರ್ಷಗಳ ಒಪ್ಪಂದವಿತ್ತು. ಅದು ಮತ್ತೆ ಐದೈದು ವರ್ಷಗಳಿಗೆ ಮುಂದುವರಿಯುವುದೆಂದೂ, ಒಂದು ವರ್ಷದ ನೋಟಿಸಿನಿಂದ ಕೊನೆಗೊಳಿಸದ ಹೊರತು ಜಾರಿಯಲ್ಲಿರುವುದೆಂದೂ ಒಂದೇ ವಾಕ್ಯದಲ್ಲಿ ಬರೆಯಲಾಗಿತ್ತು. ‘ಅನ್‌ಲೆಸ್’ ಪದದ ಮುಂಚೆ ಇದ್ದ ಅಲ್ಪವಿರಾಮದ ಆಧಾರದಿಂದ, ಮೊದಲ ಐದು ವರ್ಷಗಳಲ್ಲಿಯೂ ಒಪ್ಪಂದವನ್ನು ಕೊನೆಗೊಳಿಸಬಹುದೆಂದು ಅಲ್ಲಿಯ ದೂರಸಂಪರ್ಕ ನಿಯಂತ್ರಣ ಆಯೋಗವು 2006ರಲ್ಲಿ ಹೇಳಿತು. ಮರುವರ್ಷ ಫ್ರೆಂಚ್ ಭಾಷೆಯ ಪಾಠವನ್ನು ಪರಿಗಣಿಸಿ ಆ ನಿಲುವನ್ನು ಬದಲಿಸಿತು.

‘ತಕ್ಕದ್ದು’ ಮತ್ತು ‘ಬಹುದು’

ಶಾಲೆಯ ವ್ಯಾಕರಣದಲ್ಲಿ ‘ಶಲ್’ ಭವಿಷ್ಯತ್ಕಾಲದ ಗುರುತು. ಕಾನೂನು ಮತ್ತು ಒಪ್ಪಂದಗಳ ಭಾಷೆಯಲ್ಲಿ ಅದು ಸಾಮಾನ್ಯವಾಗಿ ಕಟ್ಟಳೆ. ನಮ್ಮ ಕಾಯ್ದೆಗಳ ಕನ್ನಡದಲ್ಲಿ ಬರುವ ‘ಮಾಡತಕ್ಕದ್ದು’ ಎಂಬ ರೂಪ ಇದಕ್ಕೆ ಸಮನಾದುದು. ‘ಮೇ’ ಎಂದರೆ ‘ಮಾಡಬಹುದು’, ಅಂದರೆ ಮಾಡುವ ಅಧಿಕಾರವುಂಟು, ಬಾಧ್ಯತೆಯಿಲ್ಲ. ಸಾಲ ಮಂಜೂರಾತಿ ಪತ್ರದಲ್ಲಿ ಸಾಲಗಾರರು ದಾಸ್ತಾನು ಪಟ್ಟಿ ಸಲ್ಲಿಸುವ ಬಗ್ಗೆ ‘ಶಲ್’ ಎಂದಿದ್ದು, ಬ್ಯಾಂಕು ಬಡ್ಡಿ ಇಳಿಸುವ ಬಗ್ಗೆ ‘ಮೇ’ ಎಂದಿದ್ದರೆ, ಮೊದಲನೆಯದು ತಪ್ಪಿಸಲಾಗದ ಕರ್ತವ್ಯ; ಎರಡನೆಯದನ್ನು ನೆಚ್ಚಿ ಲೆಕ್ಕ ಹಾಕುವಂತಿಲ್ಲ.

‘ಡೀಮ್ಡ್’ ಎಂಬ ಪದಕ್ಕೆ ‘ಹಾಗೆಂದು ಭಾವಿಸತಕ್ಕದ್ದು’ ಎಂದರ್ಥ. ನಡೆಯದಿದ್ದುದನ್ನೂ ನಡೆದಂತೆ ಎಣಿಸುವ ಶಕ್ತಿ ಈ ಪದಕ್ಕಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಎತ್ತದಿದ್ದರೆ, ಸರಕು ತಲುಪಿದ ದಿನವೇ ಅದನ್ನು ಅಂಗೀಕರಿಸಿದರೆಂದು ಭಾವಿಸಲಾಗುತ್ತದೆ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಅಂಗೀಕಾರದ ದಿನದಿಂದ 45 ದಿನ ಮೀರುವಂತಿಲ್ಲ. ವಿಳಂಬವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ತೆರಬೇಕಾಗುತ್ತದೆ. ಸಣ್ಣ ತಯಾರಕರ ಪಾಲಿಗೆ ಇದು ರಕ್ಷಣೆ; ಅವರಿಂದ ಕೊಳ್ಳುವವರ ಪಾಲಿಗೆ ಎಚ್ಚರಿಕೆ.

ನೋಟಿಸುಗಳ ಇನ್ನೊಂದು ತೊಡಕು ನಿಷೇಧಾರ್ಥಕ ವಾಕ್ಯ. ಜಿ.ಎಸ್.ಟಿ. ನೋಂದಣಿ ರದ್ದತಿಗೆ ಸಂಬಂಧಿಸಿದ ಆರ್.ಇ.ಜಿ.-17 ನೋಟಿಸು ‘ನೋಂದಣಿಯನ್ನು ಏಕೆ ರದ್ದುಪಡಿಸಬಾರದು’ ಎಂಬುದಕ್ಕೆ ಕಾರಣ ಕೇಳುತ್ತದೆ. ಇದನ್ನು ರದ್ದತಿಯ ಆದೇಶವೆಂದು ಭಾವಿಸಿ ಕೈಚೆಲ್ಲುವುದೂ ತಪ್ಪು, ಕೇವಲ ಮಾಹಿತಿ ಪತ್ರವೆಂದು ಫೈಲಿಗೆ ಸೇರಿಸುವುದೂ ತಪ್ಪು. ನೋಟಿಸು ಜಾರಿಯಾದ ದಿನದಿಂದ ಏಳು ಕೆಲಸದ ದಿನಗಳೊಳಗೆ ಆರ್.ಇ.ಜಿ.-18 ನಮೂನೆಯಲ್ಲಿ ಉತ್ತರ ನೀಡಬೇಕು.

ದಿನಗಳ ಲೆಕ್ಕ

ಗಡುವಿನ ಲೆಕ್ಕದಲ್ಲಿ ಮೂರು ಪ್ರಶ್ನೆಗಳಿವೆ: ಯಾವ ದಿನದಿಂದ? ಆ ದಿನ ಸೇರಿಯೋ, ಬಿಟ್ಟೋ? ದಿನಗಳೋ, ತಿಂಗಳುಗಳೋ? ಜಿ.ಎಸ್.ಟಿ. ಕಾಯ್ದೆಯ 107ನೇ ಕಲಮಿನ ಪ್ರಕಾರ ತೆರಿಗೆದಾರರ ಮೊದಲ ಮೇಲ್ಮನವಿಗೆ, ಆದೇಶ ‘ಕಮ್ಯುನಿಕೇಟೆಡ್’ ಆದ ದಿನದಿಂದ, ಅಂದರೆ ಅವರಿಗೆ ತಿಳಿಸಲಾದ ದಿನದಿಂದ, ಮೂರು ತಿಂಗಳ ಅವಧಿಯಿದೆ. 1897ರ ಸಾಮಾನ್ಯ ಖಂಡಗಳ ಕಾಯ್ದೆಯಂತೆ ‘ಫ್ರಮ್’ ಎಂದಾಗ ಮೊದಲ ದಿನವನ್ನು ಬಿಡಬೇಕು. ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು. ಮಾರ್ಚ್ 10ರಂದು ತಿಳಿಸಲಾದ ಆದೇಶಕ್ಕೆ ಜೂನ್ 10 ಕೊನೆಯ ದಿನ. ಕಾಯ್ದೆ 90 ದಿನಗಳೆಂದು ಹೇಳಿದ್ದರೆ ಅದು ಜೂನ್ 8 ಆಗುತ್ತಿತ್ತು. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಮೇಲ್ಮನವಿ ಅಧಿಕಾರಿಯು ಇನ್ನೊಂದು ತಿಂಗಳ ಕಾಲಾವಕಾಶ ನೀಡಬಹುದು, ಅದಕ್ಕಿಂತ ಹೆಚ್ಚಿಗೆ ನೀಡುವ ಅಧಿಕಾರ ಅವರಿಗಿಲ್ಲ. ಆದೇಶವನ್ನು ಜಿ.ಎಸ್.ಟಿ. ಪೋರ್ಟಲಿನಲ್ಲಿ ಲಭ್ಯಗೊಳಿಸುವುದೂ ಕಾಯ್ದೆ ಒಪ್ಪಿದ ಜಾರಿ ವಿಧಾನಗಳಲ್ಲಿ ಒಂದಾದುದರಿಂದ, ಅಂಚೆಯನ್ನಷ್ಟೇ ಕಾಯುತ್ತ ಕುಳಿತರೆ ದಿನಗಳು ಕಳೆದುಹೋಗಬಹುದು.

ರಫ್ತುದಾರರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ಲೆಟರ್ ಆಫ್ ಕ್ರೆಡಿಟ್ ವ್ಯವಹಾರಗಳಲ್ಲಿ ಬಳಕೆಯಲ್ಲಿರುವ, ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯು.ಸಿ.ಪಿ. 600 ನಿಯಮಗಳು 2007ರ ಜುಲೈನಿಂದ ಜಾರಿಗೆ ಬಂದವು. ಅವುಗಳಂತೆ ಸರಕು ಸಾಗಣೆಯ ಅವಧಿ ಹೇಳುವಾಗ ‘ಫ್ರಮ್’ ಎಂಬುದು ನಮೂದಿಸಿದ ದಿನವನ್ನೂ ಒಳಗೊಳ್ಳುತ್ತದೆ. ಹಣ ಪಾವತಿಯ ದಿನವನ್ನು ಎಣಿಸುವಾಗ ಅದೇ ‘ಫ್ರಮ್’ ಆ ದಿನವನ್ನು ಬಿಡುತ್ತದೆ. ‘ಬಿಫೋರ್’ ಜುಲೈ 20 ಎಂದಿದ್ದರೆ ಸಾಗಣೆಗೆ 19 ಕೊನೆಯ ದಿನ. ‘ಆನ್ ಆರ್ ಅಬೌಟ್’ ಆಗಸ್ಟ್ 10 ಎಂದರೆ 5ರಿಂದ 15ರವರೆಗೆ, ಎರಡೂ ದಿನ ಸೇರಿ. ಪ್ರಮಾಣದ ಮುಂದೆ ‘ಅಬೌಟ್’ ಇದ್ದರೆ ಶೇ. 10ರಷ್ಟು ಹೆಚ್ಚುಕಡಿಮೆಗೆ ಅವಕಾಶ; ‘ಅಬೌಟ್’ 1,000 ಕಿಲೋ ಎಂದರೆ 900ರಿಂದ 1,100 ಕಿಲೋ.

ಉತ್ತರ ಬರೆಯುವಾಗ

ಓದಿನಷ್ಟೇ ಬರವಣಿಗೆಯೂ ಮುಖ್ಯ. ಕನ್ನಡದ ‘ಕಳುಹಿಸುತ್ತೇವೆ’ ಎಂಬ ಒಂದೇ ರೂಪ ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ವಿ ಆರ್ ಸೆಂಡಿಂಗ್’ ಎಂದು ಬರೆದರೆ, ದೂರದ ಗ್ರಾಹಕರು ಸರಕು ಹೊರಟಿದೆಯೆಂದು ತಿಳಿಯಬಹುದು. ಹೊರಟಿದ್ದರೆ ಕಳುಹಿಸಿದ ದಿನಾಂಕ, ಹೊರಡಬೇಕಾಗಿದ್ದರೆ ‘ವಿಲ್’ ಮತ್ತು ಹೊರಡುವ ದಿನಾಂಕ ಬರೆದರೆ ಗೊಂದಲಕ್ಕೆ ಎಡೆಯಿಲ್ಲ.

ಆದೇಶವನ್ನು ಒಪ್ಪುವ ಪತ್ರದಲ್ಲಿಯೂ ಜಾಗರೂಕತೆ ಅಗತ್ಯ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನಂತೆ ಒಪ್ಪಿಗೆಯು ಪೂರ್ಣವೂ ನಿಶ್ಶರ್ತವೂ ಆಗಿರಬೇಕು. ‘ಆದೇಶ ಒಪ್ಪಿದ್ದೇವೆ, ದರ ಪರಿಷ್ಕರಣೆಗೆ ಒಳಪಟ್ಟು’ ಎಂದು ಬರೆದರೆ ಅದು ಒಪ್ಪಿಗೆಯಾಗದೆ ಹೊಸ ಪ್ರಸ್ತಾಪವಾಗಬಹುದು. ಅದನ್ನೇ ನಂಬಿ ಕಚ್ಚಾ ಮಾಲು ತರಿಸಿದವರು ಕರಾರೇ ಇಲ್ಲದ ಸ್ಥಿತಿಗೆ ಸಿಲುಕಬಹುದು.

ಅಭ್ಯಾಸದ ಕ್ರಮ

ಇದಕ್ಕೆ ದುಬಾರಿ ತರಬೇತಿ ಬೇಕಿಲ್ಲ. ಸಂಸ್ಥೆಯ ಹಳೆಯ ಕಡತಗಳೇ ಪಠ್ಯಪುಸ್ತಕ. ವಾರಕ್ಕೆ ಅರ್ಧ ಗಂಟೆ ಮೀಸಲಿಟ್ಟು, ಹೆಸರು ಮತ್ತು ಗೋಪ್ಯ ವಿವರಗಳನ್ನು ಮರೆಮಾಡಿದ ಒಂದು ಪತ್ರವನ್ನು ಸಿಬ್ಬಂದಿಗೆ ಕೊಡಬಹುದು. ಮೊದಲ ಓದಿನಲ್ಲಿ ವಿಷಯ ತಿಳಿಯಲಿ. ಎರಡನೆಯ ಓದಿನಲ್ಲಿ ಮೇಲೆ ಹೇಳಿದ ಸಣ್ಣ ಪದಗಳಿಗೆ ಅಡಿಗೆರೆ ಹಾಕಲಿ. ನಂತರ ನಾಲ್ಕು ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರ ಬರೆಯಲಿ: ಯಾರು ಮಾಡಬೇಕು? ಏನು ಮಾಡಬೇಕು? ಯಾವ ದಿನದೊಳಗೆ? ಮಾಡದಿದ್ದರೆ ಏನಾಗುತ್ತದೆ?

ಉದಾಹರಣೆಗೆ, ತಿರಸ್ಕೃತ ಸರಕನ್ನು ಸರಬರಾಜುದಾರರ ವೆಚ್ಚದಲ್ಲಿ ಖರೀದಿದಾರರು ಹಿಂದಿರುಗಿಸಬಹುದು (ಮೇ), ಸೂಚನೆ ತಲುಪಿದ ದಿನದಿಂದ (ಫ್ರಮ್) ಏಳು ದಿನಗಳೊಳಗೆ ಸರಬರಾಜುದಾರರೇ ಒಯ್ಯದ ಹೊರತು ಅಲ್ಲ, ಒಯ್ದರೆ ಆ ಹಕ್ಕಿಲ್ಲ (ಅನ್‌ಲೆಸ್) ಎಂಬ ಆಶಯದ ಷರತ್ತನ್ನು ತೆಗೆದುಕೊಳ್ಳೋಣ. ಸೂಚನೆ ಆಗಸ್ಟ್ 3ರಂದು ತಲುಪಿದೆ. ಮಾಡಬೇಕಾದವರು ಸರಬರಾಜುದಾರರು, ಕೆಲಸ ಸರಕು ಒಯ್ಯುವುದು, ಮೊದಲ ದಿನವನ್ನು ಬಿಟ್ಟು ಎಣಿಸಿದರೆ ಕೊನೆಯ ದಿನ ಆಗಸ್ಟ್ 10, ತಪ್ಪಿದರೆ ಸಾಗಣೆ ವೆಚ್ಚ ಅವರ ತಲೆಯ ಮೇಲೆ. ಈ ನಾಲ್ಕು ಸಾಲುಗಳನ್ನು ಪತ್ರದ ಮೇಲ್ತುದಿಗೆ ಲಗತ್ತಿಸಿ, ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುವುದು ಒಳ್ಳೆಯ ರೂಢಿ.

ಇಂದು ಮೊಬೈಲಿನಲ್ಲಿಯೇ ಅನುವಾದ ದೊರೆಯುತ್ತದೆ. ವಿಷಯ ಗ್ರಹಿಸಲು ಅದು ನೆರವಾಗುತ್ತದೆ. ಆದರೆ ‘ತಕ್ಕದ್ದು’ ಮತ್ತು ‘ಬಹುದು’ಗಳ ವ್ಯತ್ಯಾಸವನ್ನು ಮೂಲ ವಾಕ್ಯದಲ್ಲಿಯೇ ಪರಿಶೀಲಿಸಬೇಕು. ದೊಡ್ಡ ಮೊತ್ತದ ಒಪ್ಪಂದ ಅಥವಾ ತೆರಿಗೆ ಆದೇಶವಾದರೆ ಸಲಹೆಗಾರರಿಗೆ ಕೂಡಲೇ ತೋರಿಸುವುದು ಕ್ಷೇಮ. ಯಾವ ಪತ್ರವನ್ನು, ಯಾವ ದಿನದೊಳಗೆ ತೋರಿಸಬೇಕೆಂದು ಗುರುತಿಸುವ ಮಟ್ಟಿಗೆ ಸಿಬ್ಬಂದಿ ಓದಬಲ್ಲವರಾದರೆ, ಕಡತದೊಳಗೆ ಮಲಗಿದ ಪತ್ರಗಳಿಂದ ಆಗುವ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.