ಲಾಲ್‌ಬಾಗ್ ಸಸ್ಯತೋಟದಲ್ಲಿ ಸಾರ್ವಜನಿಕ ಕಾರ್ಯಕ್ರಮಗಳು: ಅರ್ಜಿದಾರರಿಗೆ ಹಾಗೂ ಮಾವು ಬೆಳೆಗಾರರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟದಲ್ಲಿ ಕಾರ್ಯಕ್ರಮ ನಡೆಸಲು ಅನುಮತಿ ಕೋರುವ ಸಂಘ-ಸಂಸ್ಥೆಗಳಿಗೂ, ಅಲ್ಲಿನ ಮೇಳಗಳಲ್ಲಿ ಮಳಿಗೆ ಬಯಸುವ ಬೆಳೆಗಾರರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒದಗಿಸಲಾಗಿದೆ. ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯ ರೈತರು ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಹಣ್ಣು ತರಬೇಕಾಗಿರುವುದರಿಂದ, ನಿಯಮಗಳನ್ನು ಮುಂಚಿತವಾಗಿ ಅರಿತಿರುವುದು ಅವರ ಹಿತದೃಷ್ಟಿಯಿಂದ ಅಗತ್ಯವಾಗಿದೆ.

ಅರ್ಜಿದಾರರು ಮೊದಲು ಮನಗಾಣಬೇಕಾದ ಅಂಶವೊಂದಿದೆ. ಲಾಲ್‌ಬಾಗ್ ಮೈದಾನವಲ್ಲ, ಸಸ್ಯತೋಟ. ಆದುದರಿಂದ ಯಾವುದೇ ಕಾರ್ಯಕ್ರಮದ ವಿಷಯದಲ್ಲಿಯೂ ಕೇಳಬೇಕಾದ ಮೂಲ ಪ್ರಶ್ನೆ ಇದು: ಸೇರಿದ ಜನರು ಹಿಂದಿರುಗಿದ ನಂತರ ತೋಟವು ಮೊದಲಿದ್ದಂತೆಯೇ ಉಳಿಯುವುದೇ?

ತೋಟದ ಹಿನ್ನೆಲೆ ಮತ್ತು ಕಾನೂನಿನ ರಕ್ಷಣೆ

1760ರಲ್ಲಿ ಹೈದರ್ ಅಲಿಯಿಂದ ಆರಂಭಗೊಂಡು ಟಿಪ್ಪು ಸುಲ್ತಾನನ ಕಾಲದಲ್ಲಿ ಬೆಳೆದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಇಂದು ಸುಮಾರು 240 ಎಕರೆ ವಿಸ್ತೀರ್ಣ ಹೊಂದಿರುವ ತೋಟದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಸುಮಾರು 300 ಕೋಟಿ ವರ್ಷ ಪ್ರಾಚೀನವೆಂದು ಅಂದಾಜಿಸಲಾದ ಇಲ್ಲಿನ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಕರ್ನಾಟಕ ಸರ್ಕಾರಿ ಉದ್ಯಾನವನಗಳ (ಸಂರಕ್ಷಣಾ) ಅಧಿನಿಯಮ, 1975 ಲಾಲ್‌ಬಾಗ್ ಹಾಗೂ ಕಬ್ಬನ್ ಪಾರ್ಕ್‌ಗೆ ಅನ್ವಯಿಸುತ್ತದೆ. ಇವುಗಳನ್ನು ತೋಟಗಾರಿಕಾ ಉದ್ಯಾನಗಳಾಗಿಯೇ ಸಂರಕ್ಷಿಸಿ ನಿರ್ವಹಿಸುವುದು ರಾಜ್ಯ ಸರ್ಕಾರದ ಕರ್ತವ್ಯವೆಂದು ಅಧಿನಿಯಮವು ವಿಧಿಸಿದೆ. ಉದ್ಯಾನದ ಭೂಮಿಯನ್ನು ಮಾರಾಟ, ಗುತ್ತಿಗೆ, ದಾನ ಮುಂತಾದ ರೀತಿಯಲ್ಲಿ ಪರಭಾರೆ ಮಾಡುವುದನ್ನು ಅದು ನಿರ್ಬಂಧಿಸಿದೆ. ಹೀಗಿರುವಾಗ ಕಾರ್ಯಕ್ರಮಕ್ಕೆ ದೊರೆಯುವ ಅನುಮತಿಯು ಸೀಮಿತ ಅವಧಿಯ ಬಳಕೆಗೆ ಮಾತ್ರ ಸಂಬಂಧಿಸಿದ್ದು, ಅದರಿಂದ ಸ್ಥಳದ ಮೇಲೆ ಯಾವುದೇ ಹಕ್ಕು ಉಂಟಾಗುವುದಿಲ್ಲ.

ಯಾವ ಕಾರ್ಯಕ್ರಮಗಳು ತೋಟಕ್ಕೆ ಹೊಂದುತ್ತವೆ

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ತೋಟಗಾರಿಕೆ ಇಲಾಖೆ ಹಾಗೂ 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘವು ಜೊತೆಯಾಗಿ ನಡೆಸುವ ಫಲಪುಷ್ಪ ಪ್ರದರ್ಶನ ಇಲ್ಲಿನ ಪ್ರಮುಖ ಕಾರ್ಯಕ್ರಮ. 1889ರಲ್ಲಿ ಶಂಕುಸ್ಥಾಪನೆಗೊಂಡ ಗಾಜಿನ ಮನೆ ಅದರ ಕೇಂದ್ರ. ಕೋವಿಡ್ ಕಾರಣದಿಂದ ನಿಂತಿದ್ದ ಪ್ರದರ್ಶನವು 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಹಾಗೂ ಪುನೀತ್ ರಾಜ್‌ಕುಮಾರ್ ಅವರ ಸ್ಮರಣೆಯೊಂದಿಗೆ ಮತ್ತೆ ಆರಂಭಗೊಂಡಿತು. ಸಸ್ಯ, ಹೂವು, ಹಣ್ಣು ಮತ್ತು ನಿಸರ್ಗದ ಅರಿವಿಗೆ ಸಂಬಂಧಿಸಿದ ಕಾರ್ಯಕ್ರಮಗಳು ತೋಟದ ಉದ್ದೇಶಕ್ಕೆ ಸಹಜವಾಗಿ ಹೊಂದಿಕೊಳ್ಳುತ್ತವೆ.

ಪ್ರತಿಭಟನೆ ಮತ್ತು ಧರಣಿಗಳ ವಿಷಯವೇ ಬೇರೆ. ಬೆಂಗಳೂರು ನಗರಕ್ಕೆ ಅನ್ವಯಿಸುವಂತೆ 2021ರಲ್ಲಿ ಹೊರಡಿಸಲಾದ ಆದೇಶದ ಪ್ರಕಾರ ಅವುಗಳಿಗೆ ಸ್ವಾತಂತ್ರ್ಯ ಉದ್ಯಾನವನ್ನು ಗೊತ್ತುಪಡಿಸಲಾಗಿದ್ದು, ಅನುಮತಿಗಾಗಿ ಪೊಲೀಸ್ ಇಲಾಖೆಯನ್ನು ಸಂಪರ್ಕಿಸಬೇಕು. ಹಿಂದೆ ಕೇಂದ್ರ ಕಾರಾಗೃಹವಿದ್ದ ಈ ಸ್ಥಳವು 2008ರಲ್ಲಿ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು.

ಮರ ಮತ್ತು ಮಣ್ಣಿನ ರಕ್ಷಣೆ

ಕಾರ್ಯಕ್ರಮಗಳಿಂದ ತೋಟಕ್ಕೆ ಆಗುವ ಹಾನಿಯಲ್ಲಿ ಹೆಚ್ಚಿನದು ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಮರಕ್ಕೆ ನೀರು ಮತ್ತು ಪೋಷಕಾಂಶ ಒದಗಿಸುವ ಸೂಕ್ಷ್ಮ ಬೇರುಗಳು ಬಹುಪಾಲು ಮೇಲ್ಪದರದ ಒಂದೆರಡು ಅಡಿ ಮಣ್ಣಿನಲ್ಲಿಯೇ ಇದ್ದು, ಕೊಂಬೆಗಳ ಹರವಿನಿಂದ ಆಚೆಗೂ ಚಾಚಿರುತ್ತವೆ. ಸಾವಿರಾರು ಜನರ ತುಳಿತಕ್ಕೆ ಅಥವಾ ಸರಕು ವಾಹನದ ಭಾರಕ್ಕೆ ಮಣ್ಣು ಗಟ್ಟಿಯಾದಾಗ ಅದರೊಳಗಿನ ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಇಂಗುವುದು ಕಡಿಮೆಯಾಗಿ ಬೇರುಗಳು ಕ್ರಮೇಣ ಸಾಯುತ್ತವೆ. ಮರದ ತುದಿ ಒಣಗುವುದು ಕಾಣಿಸುವಷ್ಟರಲ್ಲಿ ಕೆಲವು ವರ್ಷಗಳೇ ಕಳೆದಿರಬಹುದು. ಆ ವೇಳೆಗೆ ಕಾರಣವಾದ ಕಾರ್ಯಕ್ರಮ ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಈ ಕಾರಣದಿಂದ ಆಯೋಜಕರು ಕೆಳಕಂಡ ಅಂಶಗಳನ್ನು ಪಾಲಿಸುವುದು ಅವಶ್ಯ:

1. ವೇದಿಕೆ ಮತ್ತು ಮಳಿಗೆಗಳನ್ನು ಗಟ್ಟಿ ನೆಲ ಅಥವಾ ಹಾದಿಯ ಬದಿಯಲ್ಲಿ ಯೋಜಿಸುವುದು. ಮರದ ಕೊಂಬೆಗಳ ಹರವಿನ ಕೆಳಗೆ ಗುಂಡಿ ತೋಡದಿರುವುದು.
2. ಮರಗಳಿಗೆ ಮೊಳೆ ಹೊಡೆಯುವುದು, ತಂತಿ ಬಿಗಿಯುವುದು, ಫಲಕ ಕಟ್ಟುವುದನ್ನು ಮಾಡದಿರುವುದು.
3. ಅಡ್ಡಬರುವ ಕೊಂಬೆಯನ್ನು ತಾವೇ ಕಡಿಯದಿರುವುದು. ಮರ ಕಡಿತಲೆಗೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಅನ್ವಯವಾಗುತ್ತದೆ.
4. ಹೆಜ್ಜೇನು ಗೂಡುಗಳಿರುವ ಮರಗಳ ಬಳಿ ಹೊಗೆ, ಪ್ರಖರ ದೀಪ ಮತ್ತು ಭಾರಿ ಸದ್ದನ್ನು ವರ್ಜಿಸುವುದು. ಕೆರಳಿದ ಹೆಜ್ಜೇನು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು.

ಜನಸಂದಣಿಯ ನಿರ್ವಹಣೆ

2025ರ ಜೂನ್ 4ರಂದು ಕಬ್ಬನ್ ಪಾರ್ಕ್‌ಗೆ ಹೊಂದಿಕೊಂಡಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸಂಭವಿಸಿದ ಕಾಲ್ತುಳಿತದಲ್ಲಿ 11 ಜನರು ಮೃತಪಟ್ಟರು. ಎಲ್ಲ ಆಯೋಜಕರಿಗೂ ಇದು ಎಚ್ಚರಿಕೆಯಾಗಿದೆ. ಒಂದು ಚದರ ಮೀಟರ್ ಜಾಗದಲ್ಲಿ ಐದಕ್ಕಿಂತ ಹೆಚ್ಚು ಜನರು ಒತ್ತಿ ನಿಂತಾಗ ಯಾರಿಗೂ ತಮ್ಮ ಇಚ್ಛೆಯಂತೆ ಚಲಿಸಲು ಸಾಧ್ಯವಾಗುವುದಿಲ್ಲ. ಹಿಂದಿನವರ ತಳ್ಳುವಿಕೆ ಮುಂದಿನವರ ಮೇಲೆ ಒಟ್ಟುಗೂಡುತ್ತದೆ. ತೋಟವು ವಿಶಾಲವಾಗಿದ್ದರೂ ಅಪಾಯವಿರುವುದು ದ್ವಾರಗಳು, ಕಿರುದಾರಿಗಳು ಮತ್ತು ಮೆಟ್ಟಿಲುಗಳ ಬಳಿಯೇ ಎಂಬುದನ್ನು ಮರೆಯಬಾರದು.

ಆದುದರಿಂದ ನಿರೀಕ್ಷಿತ ಜನಸಂಖ್ಯೆಯನ್ನು ಕಡಿಮೆ ಮಾಡಿ ತೋರಿಸದೆ ವಾಸ್ತವವಾಗಿ ತಿಳಿಸಬೇಕು. ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ಪ್ರತ್ಯೇಕಿಸಬೇಕು. ಆಂಬುಲೆನ್ಸ್ ಹಾಗೂ ಅಗ್ನಿಶಾಮಕ ವಾಹನದ ದಾರಿ ಸದಾ ತೆರವಾಗಿರಬೇಕು. ಹಿರಿಯರು, ಮಕ್ಕಳು ಮತ್ತು ವಿಕಲಚೇತನರಿಗೆ ನೆರಳು, ಕುಡಿಯುವ ನೀರು ಹಾಗೂ ಸಮತಟ್ಟಾದ ಹಾದಿ ಒದಗಿಸಬೇಕು. ಸಂದರ್ಶಕರಿಗೆ ಸ್ವಂತ ವಾಹನದ ಬದಲು ಬಸ್ ಅಥವಾ ಮೆಟ್ರೋ ಬಳಸುವಂತೆ ಪ್ರಚಾರ ಸಾಮಗ್ರಿಯಲ್ಲಿಯೇ ಸೂಚಿಸುವುದು ಒಳಿತು. ಲಾಲ್‌ಬಾಗ್ ಮೆಟ್ರೋ ನಿಲ್ದಾಣ 2017ರಿಂದ ಬಳಕೆಯಲ್ಲಿದೆ.

ಧ್ವನಿ ಮತ್ತು ತ್ಯಾಜ್ಯ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಪಡೆಯಬೇಕು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ನ್ಯಾಯಾಲಯ, ಆಸ್ಪತ್ರೆ ಹಾಗೂ ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಘೋಷಿಸಬಹುದಾಗಿದ್ದು, ಅಲ್ಲಿನ ಮಿತಿ ಹಗಲು 50, ರಾತ್ರಿ 40 ಡೆಸಿಬೆಲ್. ಉಚ್ಚ ನ್ಯಾಯಾಲಯದ ನೆರೆಯಲ್ಲಿರುವ ಕಬ್ಬನ್ ಪಾರ್ಕ್‌ನಲ್ಲಿ ಕಾರ್ಯಕ್ರಮ ಯೋಜಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಗಳ ಆಯೋಜಕರು ಸ್ಥಳೀಯ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ, ತ್ಯಾಜ್ಯವನ್ನು ಮೂಲದಲ್ಲಿಯೇ ವಿಂಗಡಿಸಬೇಕೆಂಬ ತತ್ವವನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಅಳವಡಿಸಲಾಯಿತು. ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಲಾಗಿದೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ, ಕಾರ್ಯಕ್ರಮದ ಸ್ಥಳವು ಯಾವ ಪಾಲಿಕೆಗೆ ಸೇರುತ್ತದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಮಾವು ಮೇಳ: ಬೆಳೆಗಾರರ ಗಮನಕ್ಕೆ

ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಬೇಸಿಗೆಯಲ್ಲಿ ಲಾಲ್‌ಬಾಗ್‌ನಲ್ಲಿ ನಡೆಸುತ್ತ ಬಂದಿರುವ ಮೇಳದಲ್ಲಿ ಬೆಳೆಗಾರರು ಮಧ್ಯವರ್ತಿಗಳಿಲ್ಲದೆ ಗ್ರಾಹಕರಿಗೆ ನೇರವಾಗಿ ಹಣ್ಣು ಮಾರುತ್ತಾರೆ. ರಾಮನಗರ ಭಾಗದ ಹಣ್ಣು ಮೊದಲು ಮಾರುಕಟ್ಟೆಗೆ ಬಂದರೆ, ಶ್ರೀನಿವಾಸಪುರ ಭಾಗದ ಹಣ್ಣು ತುಸು ತಡವಾಗಿ ಬರುತ್ತದೆ. ಮೇಳದ ದಿನಗಳಿಗೆ ಹೊಂದುವಂತೆ ಕೊಯ್ಲನ್ನು ಯೋಜಿಸುವುದು ಲಾಭದಾಯಕ.

ಮಾರಾಟದ ದಾರಿ ಒಂದೇ ಇದ್ದರೆ ಆಗುವ ತೊಂದರೆಯನ್ನು ಗಡಿಭಾಗದ ರೈತರು ಬಲ್ಲರು. 2025ರ ಜೂನ್‌ನಲ್ಲಿ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವಿನ ಪ್ರವೇಶವನ್ನು ನಿರ್ಬಂಧಿಸಿದಾಗ, ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಬೆಳೆಗಾರರು ಸಂಕಷ್ಟಕ್ಕೀಡಾದರು. ಆ ವರ್ಷ ಕೇಂದ್ರ ಸರ್ಕಾರವು ಕ್ವಿಂಟಾಲಿಗೆ 1,616 ರೂಪಾಯಿ ದರವನ್ನು ನಿಗದಿಪಡಿಸಿ 2.5 ಲಕ್ಷ ಟನ್‌ವರೆಗೆ ಮಾರುಕಟ್ಟೆ ಮಧ್ಯಪ್ರವೇಶಕ್ಕೆ ಒಪ್ಪಿಗೆ ನೀಡಿತು. ಕಾರ್ಖಾನೆಗೆ ಹೋಗುವ ತೋತಾಪುರಿಯ ಇಡೀ ಫಸಲಿಗೆ ಮೇಳವು ಪರಿಹಾರವಾಗಲಾರದು. ಆದರೆ ಬಾದಾಮಿ, ರಸಪುರಿ, ಮಲ್ಲಿಕಾ, ಬಂಗನಪಲ್ಲಿ ಮುಂತಾದ ತಿನ್ನುವ ಹಣ್ಣುಗಳಿಗೆ ಅದೊಂದು ಉತ್ತಮ ಮಾರುಕಟ್ಟೆ.

ಮಳಿಗೆ ಬಯಸುವವರು ಗಮನಿಸಬೇಕಾದ ಅಂಶಗಳು:

1. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದು ಆಹಾರ ಸುರಕ್ಷತಾ ನಿಯಮಗಳನ್ವಯ ನಿಷಿದ್ಧ. ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ ಬಳಸಲು ಅವಕಾಶವಿದೆ.
2. ತೂಕದ ಯಂತ್ರವು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲಿಸಿ ಮುದ್ರೆ ಹಾಕಿದ್ದಾಗಿರಬೇಕು.
3. ಬೆಳೆಗಾರರೆಂಬುದಕ್ಕೆ ಆಧಾರವಾಗಿ ಪಹಣಿ ಮತ್ತು ಗುರುತಿನ ಚೀಟಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.
4. ಪ್ಯಾಕಿಂಗ್‌ಗೆ ಬಳಸಿದ ಹುಲ್ಲು, ರಟ್ಟು ಹಾಗೂ ಕೊಳೆತ ಹಣ್ಣನ್ನು ತೋಟದಲ್ಲಿ ಬಿಡದೆ ಪ್ರತಿದಿನ ತೆರವುಗೊಳಿಸಬೇಕು. ಕೊಳೆತ ಹಣ್ಣು ಹಣ್ಣುನೊಣದ ನೆಲೆಯಾಗುತ್ತದೆ.

ಮೇಳದ ದಿನಾಂಕ ಮತ್ತು ಮಳಿಗೆಗಳ ವಿವರಕ್ಕಾಗಿ ರಾಯಲ್ಪಾಡು ಭಾಗದವರು ಶ್ರೀನಿವಾಸಪುರದ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು.

ಅರ್ಜಿಯಲ್ಲಿ ಇರಬೇಕಾದ ವಿವರಗಳು

ಕಾರ್ಯಕ್ರಮದ ಉದ್ದೇಶ, ದಿನಾಂಕ ಮತ್ತು ವೇಳೆ, ನಿರೀಕ್ಷಿತ ಜನಸಂಖ್ಯೆ, ಸ್ಥಳದ ನಕ್ಷೆ, ವಾಹನಗಳ ಸಂಖ್ಯೆ, ವಿದ್ಯುತ್ ಮತ್ತು ಧ್ವನಿ ವ್ಯವಸ್ಥೆ, ತ್ಯಾಜ್ಯ ವಿಲೇವಾರಿ, ಪ್ರಥಮ ಚಿಕಿತ್ಸೆ ಹಾಗೂ ಜವಾಬ್ದಾರಿ ಹೊರುವ ವ್ಯಕ್ತಿಯ ವಿವರಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ಕಾರ್ಯಕ್ರಮದ ನಂತರ ಸ್ಥಳವನ್ನು ಪೂರ್ವಸ್ಥಿತಿಗೆ ತರುವ ಕ್ರಮವನ್ನು ಪ್ರತ್ಯೇಕವಾಗಿ ವಿವರಿಸುವುದು ಮುಖ್ಯ. ಅನುಮತಿ ಕೈಸೇರುವ ಮುನ್ನ ಆಹ್ವಾನ ಪತ್ರಿಕೆ ಮುದ್ರಿಸುವುದಾಗಲಿ, ಪ್ರಚಾರ ಕೈಗೊಳ್ಳುವುದಾಗಲಿ ಸೂಕ್ತವಲ್ಲ.

ತೋಟದ ಮರಗಳಲ್ಲಿ ಹಲವು ನಮಗಿಂತ ಹಿಂದಿನ ತಲೆಮಾರುಗಳು ನೆಟ್ಟು ಬೆಳೆಸಿದವು. ಅವುಗಳನ್ನು ಮುಂದಿನವರಿಗೆ ಉಳಿಸುವ ಕಾರ್ಯದಲ್ಲಿ ಆಯೋಜಕರು, ಬೆಳೆಗಾರರು ಹಾಗೂ ಸಂದರ್ಶಕರು ಸಹಕರಿಸಬೇಕಾಗಿ ಕೋರಲಾಗಿದೆ.