ಕ್ರಿಸ್‌ಮಸ್ ಮುಂಜಾನೆಯ ಫಲಾಹಾರ

ಕ್ರಿಸ್‌ಮಸ್ ಎಂದೊಡನೆ ಪೇಟೆಯ ಜನರ ಕಣ್ಣಮುಂದೆ ಬಂದು ನಿಲ್ಲುವುದು ಕೇಕು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಸಕ್ಕರೆಯ ಹಿಮ ಹೊದ್ದು ಕುಳಿತ ಅದನ್ನು ಕಂಡು, ಕ್ರೈಸ್ತರೆಲ್ಲ ಹಬ್ಬದ ಬೆಳಿಗ್ಗೆ ಇದನ್ನೇ ತಿನ್ನುತ್ತಾರೆಂದು ನೀವು ಭಾವಿಸಿದ್ದರೆ ತಪ್ಪು ನಿಮ್ಮದಲ್ಲ. ಆದರೆ ಡಿಸೆಂಬರ್ 25ರ ಮುಂಜಾನೆ ಮಂಗಳೂರಿನ ಕಡೆಯ ಕೊಂಕಣಿ ಕಥೋಲಿಕರ ಮನೆಯೊಂದರ ಅಡಿಗೆ ಕೋಣೆಗೆ ಕಾಲಿಟ್ಟು ನೋಡಿ. ನಿಮ್ಮನ್ನು ಎದುರುಗೊಳ್ಳುವುದು ಕೇಕಿನ ಪರಿಮಳವಲ್ಲ. ಹಬೆಯ ಪಾತ್ರೆಯ ಮುಚ್ಚಳದಡಿಯಿಂದ ಹೊರಡುವ ಅಕ್ಕಿಹಿಟ್ಟಿನ ಹುಳಿಗಂಪು. ಅಲ್ಲಿ ಬೇಯುತ್ತಿರುವುದು ಸನ್ನ. ನಮ್ಮ ಇಡ್ಲಿಯ ದಾಯಾದಿ ಎನ್ನಿ. ಅದರ ಪಕ್ಕದಲ್ಲಿ ಹಿಂದಿನ ದಿನವೇ ಮಾಡಿಟ್ಟ ಮಾಂಸದ ಸಾರು, ಮೇಜಿನ ಮೇಲೆ ಡಬ್ಬಿಗಳಿಂದ ತೆಗೆದು ಜೋಡಿಸಿದ ಕುಸ್ವಾರ್ ತಿಂಡಿಗಳು.

ಈ ಮೂರೇ ಏಕೆ? ರುಚಿಗಾಗಿ ಎಂದರೆ ಅರ್ಧ ಉತ್ತರವಾಯಿತು. ಉಳಿದರ್ಧ ಉಪವಾಸದಲ್ಲಿದೆ.

ಹಿಂದೆ ಕಥೋಲಿಕ ಧರ್ಮಸಭೆಯಲ್ಲಿ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನನ್ನೂ ಸೇವಿಸಬಾರದೆಂಬ ನಿಯಮವಿತ್ತು. ಏನನ್ನೂ ಎಂದರೆ ಒಂದು ಗುಟುಕು ನೀರನ್ನೂ ಕೂಡ. ಇದರ ಮೇಲೆ, 1917ರ ಧರ್ಮಸಭೆಯ ಕಾನೂನು ಸಂಹಿತೆ ಕ್ರಿಸ್‌ಮಸ್ಸಿನ ಮುನ್ನಾದಿನವನ್ನು ಉಪವಾಸದ, ಮಾಂಸವರ್ಜನೆಯ ದಿನವೆಂದು ಗೊತ್ತುಮಾಡಿತ್ತು. ಹೀಗಾಗಿ ನಡುರಾತ್ರಿಯ ಬಲಿಪೂಜೆಗೆ ಹೋದವರು ಹಗಲೆಲ್ಲ ಒಪ್ಪೊತ್ತಿನ ಊಟದಲ್ಲಿದ್ದವರು; ಮುಂಜಾವದ ಪೂಜೆಗೆ ಹೋದವರಾದರೋ ಒಣಗಂಟಲಿನಲ್ಲೇ ಇಗರ್ಜಿಯಿಂದ ಮನೆಗೆ ಮರಳುವವರು. ಮುಂದೆ ಈ ಕಟ್ಟು ಒಂದೊಂದಾಗಿ ಸಡಿಲವಾಯಿತು. 1953ರಲ್ಲಿ ಹನ್ನೆರಡನೆಯ ಪಯಸ್ ಪೋಪರು ನೀರು ಕುಡಿದರೆ ವ್ರತಭಂಗವಿಲ್ಲವೆಂದರು. 1957ರಲ್ಲಿ ಗಟ್ಟಿ ಆಹಾರಕ್ಕೆ ಮೂರು ಗಂಟೆಯ ಮಿತಿ ಬಂದಿತು; 1964ರಲ್ಲಿ ಆರನೆಯ ಪಾವ್ಲ್ ಪೋಪರು ಅದನ್ನು ಒಂದೇ ಗಂಟೆಗೆ ಇಳಿಸಿದರು. ನಿಯಮ ಹೋಯಿತು, ಅದಕ್ಕಾಗಿ ರೂಪುಗೊಂಡ ಅಡಿಗೆ ಮಾತ್ರ ಉಳಿಯಿತು. ಹಸಿದು ಬಂದ ಹತ್ತು ಜನಕ್ಕೆ ಕೂಡಲೇ ಬಡಿಸಬೇಕು, ಮೆತ್ತಗೆ ಬಿಸಿಯಾಗಿರಬೇಕು. ಇಷ್ಟಾಗಿ ಬಡಿಸುವಾಕೆಯೂ ಪೂಜೆಗೆ ಹೋಗಿ ಬಂದವಳೇ. ಬೆಳಿಗ್ಗೆ ಒಲೆ ಹಚ್ಚಿ ಹಬೆ ಕಟ್ಟುವುದೊಂದನ್ನು ಬಿಟ್ಟು ಬೇರೇನೂ ಉಳಿಯದಂತೆ ಈ ಫಲಾಹಾರವನ್ನು ಹೊಂದಿಸಿದವರು ಯಾರೋ, ಅವರು ಗೃಹಕೃತ್ಯ ಬಲ್ಲವರು.

ಮೊದಲು ಸನ್ನದ ವಿಚಾರ. ಕುಸುಬಲಕ್ಕಿ, ಸ್ವಲ್ಪ ಉದ್ದಿನ ಬೇಳೆ. ಅಳತೆ ಮನೆಯಿಂದ ಮನೆಗೆ ಬೇರೆ. ನಾಲ್ಕು ಪಾಲಿಗೆ ಒಂದು ಪಾಲು ಎಂದಿಟ್ಟುಕೊಂಡರೆ ನೀವು ಕೆಡುವುದಿಲ್ಲ. ನೆನೆಸಿ, ನುಣ್ಣಗೆ ರುಬ್ಬಿ, ಅದಕ್ಕೆ ತಾಜಾ ಸೇಂದಿ ಬೆರೆಸುತ್ತಾರೆ. ಮರದಿಂದ ಇಳಿಸಿದ ಕಳ್ಳಿನಲ್ಲಿ ಕಣ್ಣಿಗೆ ಕಾಣದ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ತಾವಾಗಿಯೇ ಸೇರಿಕೊಂಡಿರುತ್ತವೆ. ಅವು ಸಿಹಿಯನ್ನು ಉಂಡು ಅನಿಲವನ್ನು ಬಿಡುತ್ತವೆ. ಆ ಅನಿಲ ಹಿಟ್ಟಿನಲ್ಲಿ ಸಿಕ್ಕಿಕೊಂಡು ಅದನ್ನು ಉಬ್ಬಿಸುತ್ತದೆ. ಕಳ್ಳು ಸೇರಿದ ಹಿಟ್ಟು ಇಡ್ಲಿಯ ಹಿಟ್ಟಿನಂತೆ ಇಡೀ ರಾತ್ರಿ ಕಾಯಿಸುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಕೆಲವು ಗಂಟೆಗಳಲ್ಲೇ ಪಾತ್ರೆಯ ಕಂಠಕ್ಕೆ ಬಂದು ನಿಲ್ಲುತ್ತದೆ. ಸಣ್ಣ ಬಟ್ಟಲುಗಳಿಗೆ ಅರ್ಧಕ್ಕಿಂತ ತುಸು ಹೆಚ್ಚು ಹೊಯ್ದು ಇಪ್ಪತ್ತು ನಿಮಿಷ ಬೇಯಿಸಿದರೆ ಮುಗಿಯಿತು. ಬೆರಳಿನಿಂದ ಒತ್ತಿದರೆ ಕುಗ್ಗಿ ಮತ್ತೆ ಮೇಲೇಳಬೇಕು.

ಕಳ್ಳು ಎಲ್ಲ ಕಾಲಕ್ಕೂ ಎಲ್ಲ ಮನೆಗೂ ಸಿಕ್ಕಿದೆಯೆಂದಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಿನಗಳಲ್ಲಿ, 1948ರಲ್ಲಿ, ಪ್ರಾಂತ್ಯಕ್ಕೆಲ್ಲ ಪಾನನಿರೋಧ ಜಾರಿಗೆ ಬಂದಿತು. ಹಿಟ್ಟು ಉಬ್ಬಿಸುವ ಕಳ್ಳಿಗೂ ಕುಡಿಯುವ ಕಳ್ಳಿಗೂ ಕಾಯಿದೆ ಭೇದವೆಣಿಸೀತೇ? ಅಂಗಡಿಯ ಒಣ ಯೀಸ್ಟಿನಿಂದಲೂ ಸನ್ನ ಚೆನ್ನಾಗಿಯೇ ಏಳುತ್ತದೆ. ಆ ನಸುಹುಳಿ ಮಾತ್ರ ಬಾರದು. ಬೆಂಗಳೂರಿನಲ್ಲಿ ಇರುವವರಿಗೆ ಒಂದು ಸೂಚನೆ: ಡಿಸೆಂಬರಿನ ಚಳಿಯಲ್ಲಿ ಯೀಸ್ಟ್ ಸೋಮಾರಿ. ಹಿಟ್ಟಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಬಳಿ ಇಡಿ, ಎರಡು ಗಂಟೆ ಮುಂಚಿತವಾಗಿ ಕಲಸಿಡಿ.

ಸನ್ನಕ್ಕೆ ಜೊತೆಯಾಗಿ ಬರುವುದು ಹೆಚ್ಚಿನ ಮನೆಗಳಲ್ಲಿ ಹಂದಿಯ ಮಾಂಸದ ಬಫಾತ್. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಸಿನಗಳ ಪುಡಿಗೆ ಆ ಹೆಸರು. ಮಾಂಸ ಬೇಡವೆನ್ನುವವರು ಕೋಳಿ ಮಾಡುತ್ತಾರೆ. ಈ ಸಾರು ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು ರುಚಿ; ರಾತ್ರಿ ಕಳೆಯುವುದರೊಳಗೆ ಹುಳಿಯೂ ಖಾರವೂ ಮಾಂಸದ ಒಳಕ್ಕೆ ಇಳಿದಿರುತ್ತವೆ. ಆದುದರಿಂದ ಅದು 24ರ ಸಂಜೆಯ ಕೆಲಸ. ಇಲ್ಲಿ ಒಂದು ತೊಡಕು. ಅಂದು ಮಾಂಸ ಮುಟ್ಟಬಾರದ ದಿನ, ಉಪ್ಪು ನೋಡುವವರಾರು? ಮಾಂಸವರ್ಜನೆ ಏಳು ವರ್ಷ ತುಂಬಿದವರಿಗೆ ಮಾತ್ರ ವಿಧಿಸಿದ್ದು. ನಮ್ಮ ಮನೆಯಲ್ಲಿ ಅಜ್ಜಿ ಏಳು ತುಂಬದ ಮೊಮ್ಮಗುವನ್ನು ಒಲೆಯ ಬಳಿಗೆ ಕರೆದು, ಸೌಟಿನ ತುದಿಯಿಂದ ಅಂಗೈಗೆ ಎರಡು ಹನಿ ಬಿಟ್ಟು, ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ವರ್ಷ ಆ ಅಧಿಕಾರ ನನ್ನದಾಗಿತ್ತು. ಇನ್ನೊಮ್ಮೆ ಸಿಗಲೆಂಬ ಆಸೆಯಿಂದ 'ಸಪ್ಪೆ' ಎಂದೆ, ಮತ್ತೊಮ್ಮೆ 'ಸಪ್ಪೆ' ಎಂದೆ. ಮರುದಿನ ಬೆಳಿಗ್ಗೆ ಮನೆಮಂದಿಯೆಲ್ಲ ಆ ಉಪ್ಪು ಸಾರನ್ನು ಸನ್ನದ ಮೇಲೆ ಸನ್ನ ಹಾಕಿಕೊಂಡು ತಿಂದರು. ಅಜ್ಜಿ ನನ್ನ ಹೆಸರು ಹೇಳಲಿಲ್ಲ.

ಕುಸ್ವಾರಿನದು ಬೇರೊಂದು ಲೆಕ್ಕ. ಇದು ಹತ್ತು ಹದಿನೈದು ದಿನ ಮೊದಲೇ ತೊಡಗುವ ಕೆಲಸ. ಎಳ್ಳು, ತೆಂಗಿನಕಾಯಿ, ಸಕ್ಕರೆಯ ಹೂರಣ ತುಂಬಿದ ನೆವರ್ಯೊ ನಮ್ಮ ಕರ್ಜಿಕಾಯಿಯೇ. ತುಕ್ಡಿ ಶಂಕರಪೋಳಿಗೆ ಹತ್ತಿರದ್ದು. ಹುರಿದ ಕುಸುಬಲಕ್ಕಿ, ಬೆಲ್ಲ, ಕಾಯಿ ಸೇರಿದ ಉಂಡೆ, ಗೋಲಿಯಂಥ ಗುಳಿಯೊ, ಚಕ್ಕುಲಿ ಇವೆಲ್ಲ ಉಂಟು. ಕಿಡಿಯೊ ಎಂದರೆ ಹುಳುಗಳು ಎಂದರ್ಥ! ಹೆಸರಿಗೆ ಹೆದರಬೇಡಿ. ತೆಂಗಿನ ಹಾಲಿನಲ್ಲಿ ಕಲಸಿದ ಮೈದಾಹಿಟ್ಟಿನ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆಯನ್ನು ಮುಳ್ಳುಚಮಚದ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿ ಕರಿಯುವುದು, ಆಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇದೇ ಕುಲ್‌ಕುಲ್. ಇದು ಒಬ್ಬರಿಂದಾಗುವ ಕೆಲಸವಲ್ಲ. ಮಕ್ಕಳೂ ಗಂಡಸರೂ ಚಾಪೆಯ ಸುತ್ತ ಕುಳಿತರೆ ಒಂದು ಸಂಜೆಯಲ್ಲಿ ಮುಗಿದೀತು.

ಕೊಕ್ಕಿಸಾಂ ಎಂಬ ಹೂವಿನಾಕಾರದ ತಿಂಡಿಗೆ ಕಬ್ಬಿಣದ ಅಚ್ಚು ಬೇಕು. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಪಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದಲೂ ಕಚ್ಚಿಕೊಂಡು ಹೂವು ಕಳಚುವುದೇ ಇಲ್ಲ. ಮೊದಲ ಎರಡು ಹೂವು ಹಾಳಾದರೆ ಎದೆಗುಂದಬೇಡಿ, ಎಲ್ಲರದೂ ಹಾಳಾಗುತ್ತದೆ. ಈ ತಿಂಡಿಗಳು ವಾರಗಟ್ಟಲೆ ಕೆಡದಿರುವುದಕ್ಕೆ ಕಾರಣ, ಕರಿದಾಗ ಒಳಗಿನ ನೀರೆಲ್ಲ ಆವಿಯಾಗಿ ಹೋಗಿರುವುದು. ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದಿರೋ, ಹೋದ ನೀರು ಬೆವರಾಗಿ ಹಿಂದಿರುಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆಂದಿದ್ದೇನೆ. ಕುಸ್ವಾರ್ ಮನೆಯವರಿಗಾಗಿ ಮಾತ್ರ ಮಾಡುವ ತಿಂಡಿಯಲ್ಲ. ತಟ್ಟೆಗೆ ಜೋಡಿಸಿ, ಕಸೂತಿಯ ಬಟ್ಟೆ ಹೊದಿಸಿ, ನೆರೆಮನೆಗಳಿಗೆ ಕಳುಹಿಸುವಂಥದು. ನೆರೆಯವರಲ್ಲಿ ಮೊಟ್ಟೆ ಮುಟ್ಟದವರು ಎಷ್ಟೋ ಮಂದಿ. ಕೊಕ್ಕಿಸಾಂ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಕೆಲವರು ಕಿಡಿಯೊಗೂ ಹಾಕುತ್ತಾರೆ. ನೆವರ್ಯೊ, ಉಂಡೆ, ಗುಳಿಯೊ, ಚಕ್ಕುಲಿಗಳಿಗೆ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಮೊಟ್ಟೆಯದನ್ನು ಕರಿದ ಎಣ್ಣೆಯಲ್ಲೇ ನೆವರ್ಯೊ ಕರಿದರೆ ಮಾಡಿದ ಉಪಕಾರವೆಲ್ಲ ವ್ಯರ್ಥ. ಮೊದಲ ದಿನ ಹೊಸ ಎಣ್ಣೆಯಲ್ಲಿ ನೆರೆಯವರ ಪಾಲಿನದನ್ನೇ ಕರಿದು ಬೇರೆ ಡಬ್ಬಿಯಲ್ಲಿಟ್ಟು, ಮೊಟ್ಟೆಯದನ್ನು ಕೊನೆಗೆ ಇಟ್ಟುಕೊಳ್ಳಿ. ತಟ್ಟೆ ಕೊಡುವಾಗ ಯಾವುದರಲ್ಲಿ ಏನಿದೆಯೆಂದು ಬಾಯಿಬಿಟ್ಟು ಹೇಳಿ. ಕೇಳಲು ಸಂಕೋಚಪಟ್ಟು ತಿನ್ನದೆ ಎತ್ತಿಟ್ಟವರನ್ನು ನಾನು ಬಲ್ಲೆ.

ಈಗ ಮಂಗಳೂರಿನಲ್ಲಿ ಅನೇಕ ಇಗರ್ಜಿಗಳ ಹಬ್ಬದ ಪೂಜೆ 24ರ ಸಂಜೆಯೇ ಆಗಿಹೋಗುತ್ತದೆ. ಕುಸ್ವಾರ್ ಬೇಕರಿಗಳಲ್ಲಿ ಕಿಲೋ ಲೆಕ್ಕದಲ್ಲಿ ದೊರೆಯುತ್ತದೆ. ಕೊಂಡು ತಂದರೆ ತಪ್ಪೇನೂ ಇಲ್ಲ. ಉದ್ಯೋಗಕ್ಕೆ ಹೋಗಿ ಬರುವ ಹೆಂಗಸರು ಹದಿನೈದು ರಾತ್ರಿ ನಿದ್ದೆಗೆಟ್ಟು ಕರಿಯಬೇಕೆನ್ನುವುದು ಯಾವ ನ್ಯಾಯ? ಎಲ್ಲವನ್ನೂ ಕೊಳ್ಳಿ ಬೇಕಾದರೆ. ಕಿಡಿಯೊ ಒಂದನ್ನು ಮಾತ್ರ ಮನೆಯಲ್ಲಿ ಕುಳಿತು ಸುತ್ತಿ, ಸನ್ನ ಒಂದನ್ನು ಬೆಳಿಗ್ಗೆ ಬೇಯಿಸಿ. ಇವೆರಡೂ ಡಬ್ಬಿಯಲ್ಲಿ ಬರುವ ಸಂಗತಿಗಳಲ್ಲ.

ಉಪವಾಸದ ಈ ನಂಟು ಮಂಗಳೂರಿನವರದು ಮಾತ್ರವೂ ಅಲ್ಲ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಕ್ರಿಸ್‌ಮಸ್ಸಿಗೆ ಮುನ್ನ ಇಪ್ಪತ್ತೈದು ದಿನಗಳ ನೋಂಬು ಹಿಡಿಯುವವರು ಮೀನು ಮಾಂಸ ಬಿಟ್ಟಿರುತ್ತಾರೆ. ಹಬ್ಬದ ಪ್ರಾರ್ಥನೆ ಮುಗಿಸಿ ಬಂದು ಅವರು ನೋಂಬು ಮುರಿಯುವುದು ಪಾಲಪ್ಪ ಮತ್ತು ತೆಂಗಿನ ಹಾಲಿನ ಸ್ಟ್ಯೂ ಇಟ್ಟುಕೊಂಡು. ಅಂಚು ಗರಿಗರಿ, ನಡುವೆ ಮೆತ್ತಗಿನ ಆ ಅಪ್ಪವನ್ನು ಉಬ್ಬಿಸುತ್ತಿದ್ದುದೂ ಕಳ್ಳೇ. ಬೆಂಗಳೂರಿನ ಒಂದೇ ಬೀದಿಯಲ್ಲಿ ಒಂದು ಮನೆಯಲ್ಲಿ ಸನ್ನ, ಎದುರು ಮನೆಯಲ್ಲಿ ಅಪ್ಪ ಬೇಯುತ್ತಿದ್ದರೆ ಆಶ್ಚರ್ಯವಿಲ್ಲ.

ತಟ್ಟೆ ಹಿಂದಿರುಗಿಸುವ ವಿಷಯ ಕೇಳಿದವರಿಗೆ: ಬರಿದಾಗಿ ಕೊಡುವ ರೂಢಿ ನಮ್ಮ ಬೀದಿಯಲ್ಲಿ ಇರಲಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಎರಡು ಚಮಚ ಸಕ್ಕರೆ ಹಾಕಿ ಕೊಡುತ್ತಿದ್ದರು. ಸಂಕ್ರಾಂತಿಯವರೆಗೆ ತಟ್ಟೆಯನ್ನೇ ಇಟ್ಟುಕೊಂಡು, ಎಳ್ಳುಬೆಲ್ಲ ತುಂಬಿ ಕಳುಹಿಸುವ ಒಬ್ಬ ಅಜ್ಜಿ ಮೂಲೆಮನೆಯಲ್ಲಿದ್ದರು. ಆ ತಟ್ಟೆ ಜನವರಿ 15ರ ತನಕ ಬಾರದಿದ್ದರೂ ನಮ್ಮ ತಾಯಿ ಕೇಳಲು ಹೋಗುತ್ತಿರಲಿಲ್ಲ.